ಮಿತವ್ಯಯದಲ್ಲಿ ಕ್ಯಾಮರಾ ಕೊಳ್ಳುವ ಬಗೆ

ಹೊನ್ನಾಳಿಯ ನಮ್ಮ ಸ್ನೇಹಿತರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಅವರು ತುಂಗಭದ್ರೆಯ ದಡದಲ್ಲಿ ಕೊಂಚ ಗದ್ದೆಯುಳ್ಳ ಗೃಹಸ್ಥರು. ಅವರ ಮಗನು ಪದವಿ ಪರೀಕ್ಷೆಯನ್ನು ಮುಗಿಸಿ, ಮದುವೆ ಮುಂಜಿಗಳಲ್ಲಿ ಚಿತ್ರ ತೆಗೆಯುವ ಕಸುಬನ್ನು ಹಿಡಿಯಬೇಕೆಂದು ಹಂಬಲಿಸುತ್ತಿದ್ದನು. ಬತ್ತ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ತಂದೆಯು ಅದಕ್ಕೆಂದು ತೆಗೆದಿರಿಸಿದ್ದರು. "ಅಂಗಡಿಯಲ್ಲಿ ತೋರಿಸುವ ಕ್ಯಾಮರಾಕ್ಕೆ ಈ ಹಣವಷ್ಟೂ ಸಾಲದು. ಮೇಲಿನ ಮೊತ್ತಕ್ಕೆ ಸಾಲ ಮಾಡಲೇ? ಮಾಡಿದರೆ ತೀರೀತೇ?" ಎಂಬುದು ಅವರ ಪ್ರಶ್ನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿಗಳಲ್ಲಿಯೂ, ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿಯೂ, ಚಿತ್ರದುರ್ಗದಿಂದ ಬಂದ ಜಗಳೂರಿನಲ್ಲಿಯೂ ಈ ಪ್ರಶ್ನೆಯನ್ನು ಕೇಳುವ ಮನೆಗಳು ಅನೇಕವಿವೆ. ಒಂದು ಮನೆಯಲ್ಲಿ ಅಡಕೆಯ ಹಣ, ಇನ್ನೊಂದರಲ್ಲಿ ಮೆಕ್ಕೆಜೋಳದ ಹಣ, ಮತ್ತೊಂದರಲ್ಲಿ ತಾಯಿಯ ಚೀಟಿಯ ಹಣ. ಯಾವುದಾದರೂ ಬೆವರಿನ ಹಣವೇ. ಆದುದರಿಂದ ನಾವು ಸ್ನೇಹಿತರಿಗೆ ಹೇಳಿದುದನ್ನು ವಾಚಕರೆಲ್ಲರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವೆವು. ಕೆಲವು ವರ್ಷಗಳ ಹಿಂದೆ ನಾವು ಮೊದಲ ಕ್ಯಾಮರಾವನ್ನು ಕೊಂಡಾಗ, ಕೈಲಿದ್ದ ಹಣವನ್ನೆಲ್ಲ ಕ್ಯಾಮರಾದ ಒಡಲಿಗೇ ಸುರಿದು, ಅದರೊಡನೆ ಬಂದ ಸಾಮಾನ್ಯ ಲೆನ್ಸಿನಿಂದಲೇ ತೃಪ್ತರಾದೆವು. ಚನ್ನಗಿರಿಯ ಕಡೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಸೋದರತ್ತೆಯವರ ಮನೆಯಲ್ಲಿ ಒಂದು ಶಾಂತಿಕರ್ಮ ನಡೆಯಿತು. ಹಂಚಿನ ಮನೆ, ಸಂಜೆಯ ಹೊತ್ತು, ನಡುಮನೆಯಲ್ಲಿ ಒಂದೇ ದೀಪ. ಅತ್ತೆಯವರು ಆರತಿಯ ತಟ್ಟೆಯನ್ನು ಹಿಡಿದು ನಗುತ್ತ ನಿಂತರು. ನಾವು ಮೂವತ್ತು ನಲವತ್ತು ಚಿತ್ರಗಳನ್ನು ತೆಗೆದೆವು. ಮನೆಗೆ ಬಂದು ನೋಡಿದರೆ ಒಂದರಲ್ಲಿಯಾದರೂ ಮುಖವು ಸ್ಪಷ್ಟವಾಗಿರಲಿಲ್ಲ. ಎಲ್ಲವೂ ನೀರಿನಲ್ಲಿ ಅಲುಗಿದ ನೆರಳಿನಂತೆ ಇದ್ದುವು. ಮುಂದಿನ ಮಳೆಗಾಲದಲ್ಲಿ ಅತ್ತೆಯವರು ತೀರಿಕೊಂಡರು. ಇಂದು ಆ ಮನೆಯ ಗೋಡೆಯ ಮೇಲೆ ತೂಗುತ್ತಿರುವುದು ಅವರ ಗುರುತಿನ ಚೀಟಿಯಿಂದ ಹಿಗ್ಗಿಸಿದ ಚಿತ್ರ. ಕ್ಯಾಮರಾ ಕೆಟ್ಟದ್ದಾಗಿರಲಿಲ್ಲ. ಆ ಬೆಳಕಿಗೆ ತಕ್ಕ ಲೆನ್ಸು ನಮ್ಮಲ್ಲಿರಲಿಲ್ಲ. ಆ ಲೆನ್ಸಿಗೆ ತಗಲುತ್ತಿದ್ದ ಹಣವಾದರೋ ಕ್ಯಾಮರಾದ ಬೆಲೆಯಲ್ಲಿ ಒಂದು ಚಿಕ್ಕ ಅಂಶವಷ್ಟೆ.

ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ: ಅಲ್ಪ ಹಣವುಳ್ಳವನು ಒಡಲಿನಲ್ಲಿ ಉಳಿಸಿ ಲೆನ್ಸಿಗೆ ವೆಚ್ಚ ಮಾಡತಕ್ಕದ್ದು. ಲೆನ್ಸು ಯಾವುದೆಂಬುದನ್ನು ಅವನು ಚಿತ್ರಿಸಬೇಕಾದ ವಸ್ತುವೇ ಹೇಳುವುದು.

ಡಿಎಸ್‌ಎಲ್‌ಆರ್ ಎಂದರೇನು? ಇಂದು ಅದರ ಸ್ಥಿತಿ ಏನು?

ಡಿಎಸ್‌ಎಲ್‌ಆರ್ ಎಂದು ಕರೆಯುವ ಕ್ಯಾಮರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನೋಟದ ಕಿಂಡಿಗೆ ಕಳುಹಿಸುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿಯು ಮೇಲಕ್ಕೆ ಮಡಿಸಿಕೊಂಡು, ಬೆಳಕು ಹಿಂದಿರುವ ಫಲಕದ ಮೇಲೆ ಬಿದ್ದು ಚಿತ್ರವಾಗುತ್ತದೆ. ಈ ಜಾತಿಯ ಕ್ಯಾಮರಾ ಮಾರಾಟಕ್ಕೆ ಬಂದುದು 1991ರಲ್ಲಿ. ಸಾಮಾನ್ಯರ ಕೈಗೆಟುಕುವಂತಾದುದು 2003ರಲ್ಲಿ ಕ್ಯಾನನ್ ಕಂಪೆನಿಯ 300ಡಿ ಹೊರಟ ಮೇಲೆ.

ಈಗ ಕಾಲವು ಬದಲಾಗಿದೆ. ಕ್ಯಾನನ್, ನಿಕಾನ್ ಕಂಪೆನಿಗಳೆರಡೂ 2018ರಲ್ಲಿ ಕನ್ನಡಿಯಿಲ್ಲದ ಕ್ಯಾಮರಾಗಳ ಹೊಸ ಶ್ರೇಣಿಗಳನ್ನು ಆರಂಭಿಸಿ, ತಮ್ಮ ಶ್ರಮವನ್ನು ಬಹುಮಟ್ಟಿಗೆ ಆ ಕಡೆಗೆ ತಿರುಗಿಸಿವೆ. ನಿಕಾನಿನ ಡಿ3500, ಡಿ5600 ಮೊದಲಾದ ಮೆಚ್ಚಿನ ಡಿಎಸ್‌ಎಲ್‌ಆರ್‌ಗಳ ತಯಾರಿ ನಿಂತಿದೆ. ಹಾಗಾದರೆ ಇಂಥದನ್ನು ಏಕೆ ಕೊಳ್ಳಬೇಕು ಎಂದು ವಾಚಕರು ಕೇಳಬಹುದು. ಸಿರಿವಂತರು ಹೊಸದಕ್ಕೆ ಹಾರುವಾಗ ಹಳೆಯದು ಅಗ್ಗವಾಗುವುದು ಲೋಕರೂಢಿ. ಸುಸ್ಥಿತಿಯಲ್ಲಿರುವ ಡಿಎಸ್‌ಎಲ್‌ಆರ್‌ಗಳೂ ಅವುಗಳ ಲೆನ್ಸುಗಳೂ ಎರಡನೆಯ ಕೈಯಲ್ಲಿ ಯಥೇಷ್ಟವಾಗಿ ದೊರೆಯುತ್ತಿರುವುದು ಈ ಕಾರಣದಿಂದಲೇ. ಮುಂದೆ ಕನ್ನಡಿಯಿಲ್ಲದ ಕ್ಯಾಮರಾ ಕೊಳ್ಳುವ ಶಕ್ತಿ ಬಂದರೂ, ಇಂದಿನ ಲೆನ್ಸುಗಳನ್ನು ಒಂದು ಜೋಡಣೆಯ ಉಂಗುರದ ಸಹಾಯದಿಂದ ಅದೇ ಕಂಪೆನಿಯ ಹೊಸ ಕ್ಯಾಮರಾಕ್ಕೆ ತೊಡಿಸಬಹುದು. ಒಡಲು ಹಳತಾದೀತು; ಒಳ್ಳೆಯ ಲೆನ್ಸು ಮನೆಯಲ್ಲಿ ಉಳಿದೀತು.

ಒಂದು ಸತ್ಯವನ್ನು ಮುಚ್ಚಿಡಬಾರದು. ಹಗಲು ಬೆಳಕಿನಲ್ಲಿ, ಸಮೀಪದಲ್ಲಿ ನಿಂತ ಮಕ್ಕಳ ಚಿತ್ರ, ಜಾತ್ರೆಯ ತೇರಿನ ಚಿತ್ರ, ಇಷ್ಟೇ ಸಾಕೆನ್ನುವವರಿಗೆ ಕೈಯಲ್ಲಿರುವ ದೂರವಾಣಿಯ ಕ್ಯಾಮರಾವೇ ಸಾಕು. ಅಂಥವರು ಈ ಹಣವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದು ಲೇಸು. ಮಂದ ಬೆಳಕು, ದೂರದ ವಸ್ತು, ಚಿತ್ರದ ಕಸುಬು, ಈ ಮೂರರಲ್ಲಿ ಒಂದಾದರೂ ಇದ್ದಲ್ಲಿ ಮಾತ್ರ ಮುಂದಿನ ವಿಚಾರ.

ಲೆನ್ಸಿನ ಎರಡು ಅಂಕೆಗಳು

ಲೆನ್ಸಿನ ಮೇಲೆ ಎರಡು ಬಗೆಯ ಅಂಕೆಗಳಿರುತ್ತವೆ. ಮಿಲಿಮೀಟರಿನಲ್ಲಿ ಬರೆದಿರುವುದು ನೋಟದ ಹರವನ್ನು ತಿಳಿಸುವುದು. ಕ್ಯಾನನಿನ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿ ಹತ್ತು ಅಡಿ ದೂರದಿಂದ ನೋಡಿದರೆ 18 ಮಿ.ಮೀ. ಲೆನ್ಸಿನಲ್ಲಿ ಸುಮಾರು ಹನ್ನೆರಡು ಅಡಿ ಅಗಲದ ದೃಶ್ಯವು ಹಿಡಿಸುವುದು, 50 ಮಿ.ಮೀ. ಲೆನ್ಸಿನಲ್ಲಿ ನಾಲ್ಕೂವರೆ ಅಡಿ ಮಾತ್ರ. ಹತ್ತು ಅಡಿಯ ಕೋಣೆಯಲ್ಲಿ ಎಂಟು ಜನರ ಕುಟುಂಬವನ್ನು 50 ಮಿ.ಮೀ. ಲೆನ್ಸಿನಲ್ಲಿ ಹಿಡಿಯಲು ಹೊರಟವನು ಗೋಡೆಯನ್ನೇ ಒಡೆಯಬೇಕಾದೀತು.

'ಎಫ್' ಎಂಬ ಅಕ್ಷರದೊಡನೆ ಬರೆದಿರುವುದು ಬೆಳಕು ಒಳಗೆ ಬರುವ ಕಂಡಿಯ ಅಳತೆ. ಈ ಅಂಕೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಕ್ಯಾಮರಾದೊಡನೆ ಬರುವ 18-55 ಮಿ.ಮೀ. ಲೆನ್ಸನ್ನು ಪೂರ್ತಿ ಹಿಗ್ಗಿಸಿದಾಗ ಅದರ ಕಂಡಿಯು ಎಫ್ 5.6ಕ್ಕಿಂತ ಹೆಚ್ಚು ತೆರೆಯದು. ಎಫ್ 1.8ರ ಲೆನ್ಸು ಅದಕ್ಕಿಂತ ಒಂಬತ್ತೂವರೆ ಪಾಲಿಗೂ ಮಿಗಿಲಾಗಿ ಬೆಳಕನ್ನು ಒಳಕ್ಕೆ ಬಿಡುವುದು. ಮೊದಲನೆಯದರಲ್ಲಿ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಹೊತ್ತು ಬೇಕಾಗುವ ಚಿತ್ರಕ್ಕೆ ಎರಡನೆಯದರಲ್ಲಿ ನೂರರಲ್ಲಿ ಒಂದು ಪಾಲು ಸಾಕು. ಅಷ್ಟು ಹೊತ್ತಿನಲ್ಲಿ ಆರತಿಯ ಕೈ ಹೆಚ್ಚಾಗಿ ಅಲುಗದು. ನಮ್ಮ ಅತ್ತೆಯವರ ಚಿತ್ರವು ಕೆಟ್ಟುದರ ಕಾರಣವೆಲ್ಲ ಈ ಲೆಕ್ಕದಲ್ಲಿದೆ. ಕೈನಡುಕವನ್ನು ತಡೆಯುವ ಏರ್ಪಾಡು ಲೆನ್ಸಿನಲ್ಲಿದ್ದರೂ ಅದು ನಮ್ಮ ಕೈಯ ಅಲುಗಾಟವನ್ನು ಸರಿಪಡಿಸೀತೇ ಹೊರತು ಎದುರಿನವರ ಚಲನೆಯನ್ನು ನಿಲ್ಲಿಸಲಾರದು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಬೇಕು

ಹೊನ್ನಾಳಿಯ ಹುಡುಗನಿಗೆ ಬೇಕಾದುದು ಮನೆಯೊಳಗಿನ ಮುಖಗಳು, ಕಲ್ಯಾಣಮಂಟಪದ ಮಬ್ಬು ಮೂಲೆಗಳು. ಅವನಿಗೆ 18-55ರ ಜೊತೆಗೆ ಎಫ್ 1.8ರ ಒಂದು ಲೆನ್ಸು ಅವಶ್ಯ. ಕ್ಯಾನನಿನಲ್ಲಿ 2015ರಲ್ಲಿ ಬಂದ 50 ಮಿ.ಮೀ. ಎಸ್‌ಟಿಎಂ, ನಿಕಾನಿನಲ್ಲಿ 2009ರಲ್ಲಿ ಬಂದ 35 ಮಿ.ಮೀ. ಡಿಎಕ್ಸ್, ಇವೆರಡೂ ಅಗ್ಗವೂ ಹೌದು, ನಂಬಿಕೆಗೆ ಯೋಗ್ಯವೂ ಹೌದು. 35 ಮಿ.ಮೀ. ಲೆನ್ಸು ಹತ್ತು ಅಡಿಯಲ್ಲಿ ಆರೂಮುಕ್ಕಾಲು ಅಡಿಯಷ್ಟು ಅಗಲವನ್ನು ಹಿಡಿಯುವುದರಿಂದ ಸಣ್ಣ ಮನೆಗಳಲ್ಲಿ ಅನುಕೂಲ ಹೆಚ್ಚು. ಆದರೆ ಒಂದು ಎಚ್ಚರಿಕೆ: ಕಂಡಿಯನ್ನು ಪೂರ್ತಿ ತೆರೆದಾಗ ಸ್ಪಷ್ಟವಾಗುವ ಆಳವು ಬಹಳ ಕಡಿಮೆ. 50 ಮಿ.ಮೀ. ಲೆನ್ಸಿನಲ್ಲಿ ಆರಡಿ ದೂರಕ್ಕೆ ಅದು ಸುಮಾರು ಮೂರೂವರೆ ಅಂಗುಲ. ವಧೂವರರು ಒಂದೇ ಸಾಲಿನಲ್ಲಿ ನಿಲ್ಲದಿದ್ದರೆ ಒಬ್ಬರ ಮುಖ ಮಸುಕಾಗುವುದು. ಇಬ್ಬರಿರುವಾಗ ಎಫ್ 2.8 ಇಲ್ಲವೆ 4ಕ್ಕೆ ಕಂಡಿಯನ್ನು ಕಿರಿದುಮಾಡುವುದು ಒಳ್ಳೆಯದು.

ನ್ಯಾಮತಿಯ ಕಡೆಯ ಗೃಹಸ್ಥರು ಕುಟುಂಬದೊಡನೆ ತೀರ್ಥರಾಮೇಶ್ವರದ ಬೆಟ್ಟಕ್ಕೆ ಹೋಗಿಬರುವ ದಿನದ ಚಿತ್ರ, ಸಂತೆಯ ಚಿತ್ರ, ಹತ್ತು ಹನ್ನೆರಡು ನೆಂಟರ ಸಾಲಿನ ಚಿತ್ರ, ಇವುಗಳನ್ನು ಬಯಸುವರು. ಇವೆಲ್ಲಕ್ಕೂ 18-55 ಒಂದೇ ಸಾಕು. ಇಂಥವರು ಎರಡನೆಯ ಲೆನ್ಸಿಗೆ ಅವಸರಪಡಬೇಕಾದುದಿಲ್ಲ. ಆರು ತಿಂಗಳು ಚಿತ್ರ ತೆಗೆದು, ಯಾವ ಅಳತೆಯಲ್ಲಿ ತಮ್ಮ ಕೈ ಹೆಚ್ಚಾಗಿ ನಿಲ್ಲುವುದೆಂದು ನೋಡಿಕೊಂಡರೆ ಮುಂದೇನು ಬೇಕೆಂಬುದು ತಾನಾಗಿಯೇ ತಿಳಿಯುವುದು.

ಚನ್ನಗಿರಿಯ ತಾಲ್ಲೂಕಿನಲ್ಲಿ ಎರಡು ವಿರುದ್ಧ ಬೇಕುಗಳುಂಟು. ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನಡುವಣ ಮಂಟಪ, ಸುತ್ತಲಿನ ಮೆಟ್ಟಿಲುಗಳ ಸಹಿತ ಹಿಡಿಯಲು 18ರ ಹರವು ಬೇಕು. ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರದ ನೀರಹಕ್ಕಿಗಳಿಗಾದರೆ 250 ಮಿ.ಮೀ. ಆದರೂ ಬೇಕು. ಆಗಲೂ ಐವತ್ತು ಮೀಟರ್ ದೂರದಲ್ಲಿರುವ ಒಂದಡಿಯ ಹಕ್ಕಿ ಚಿತ್ರದ ಅಗಲದಲ್ಲಿ ಹದಿನೈದರಲ್ಲಿ ಒಂದು ಪಾಲು ಮಾತ್ರ ಆಗುವುದು. ಅಂಗಡಿಯ ಜಾಹೀರಾತಿನಲ್ಲಿರುವಂತೆ ಹಕ್ಕಿಯ ಕಣ್ಣೇ ಕಾಣುವುದೆಂದು ಆಶಿಸಿ ನಿರಾಶರಾಗಬಾರದು. ಹತ್ತಿರ ಸಾರುವ ತಾಳ್ಮೆಯೇ ಅಲ್ಲಿ ಬೇಕಾದ ಉಪಕರಣ. ಅಡಕೆಯ ತೋಟದ ನೆರಳಿನಲ್ಲಿ ಮಾತ್ರ ಮತ್ತೆ ಎಫ್ 1.8ರ ಲೆನ್ಸೇ ಗತಿ.

ಜಗಳೂರಿನದು ಬಯಲು ಸೀಮೆ, ಬೆಳಕಿಗೆ ಬರವಿಲ್ಲ. ಅಲ್ಲಿಯ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಯ ರಕ್ಷಣೆಗಾಗಿ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿ ಸುಮಾರು ಎರಡಡಿ ಎತ್ತರದ್ದು. ನೂರು ಮೀಟರ್ ದೂರದಲ್ಲಿ 250 ಮಿ.ಮೀ. ಲೆನ್ಸಿಗೆ ಅದು ಚಿತ್ರದ ಅಗಲದ ಒಂಬತ್ತರಲ್ಲಿ ಒಂದು ಪಾಲಾಗಿ ಕಾಣುವುದು. ಇಲ್ಲಿನ ಆಸಕ್ತರು ಕ್ಯಾನನಿನ 55-250 ಎಸ್‌ಟಿಎಂ ಇಲ್ಲವೆ ನಿಕಾನಿನ 70-300 ಎಎಫ್-ಪಿ ಲೆನ್ಸಿಗೆ ಹಣವನ್ನು ಮುಡಿಪಿಡಬಹುದು. ವನ್ಯಧಾಮದಲ್ಲಿ ಚಿತ್ರ ತೆಗೆಯುವುದಕ್ಕೆ 1972ರ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು ಎಂಬುದನ್ನು ಮರೆಯಬಾರದು.

ಒಡಲನ್ನು ಆರಿಸುವ ಕ್ರಮ

ಒಡಲಿನ ವಿಷಯದಲ್ಲಿ ಜನರು ಮೊದಲು ಕೇಳುವುದು "ಎಷ್ಟು ಮೆಗಾಪಿಕ್ಸೆಲ್?" ಎಂದು. 18 ಮೆಗಾಪಿಕ್ಸೆಲಿನ ಚಿತ್ರವನ್ನು ಹದಿನೇಳು ಅಂಗುಲ ಉದ್ದ, ಹನ್ನೊಂದೂವರೆ ಅಂಗುಲ ಅಗಲಕ್ಕೆ ಉತ್ತಮವಾಗಿ ಮುದ್ರಿಸಬಹುದು. ಗೋಡೆಗೆ ತೂಗುಹಾಕಲು ಇದಕ್ಕಿಂತ ದೊಡ್ಡ ಚಿತ್ರ ಎಷ್ಟು ಮನೆಗಳಲ್ಲಿದೆ? ಆದುದರಿಂದ ಈ ಅಂಕೆಯ ಬೆನ್ನು ಹತ್ತಬೇಕಾಗಿಲ್ಲ.

ವಿಚಾರಿಸತಕ್ಕ ಅಂಶಗಳು ಬೇರೆ. ಕ್ಯಾನನಿನ 1500ಡಿ, 3000ಡಿ ಎರಡೂ 2018ರಲ್ಲಿ ಬಂದುವು. 3000ಡಿಯಲ್ಲಿ ಲೆನ್ಸು ಕೂರುವ ಬಳೆ ಪ್ಲಾಸ್ಟಿಕ್ಕಿನದು. ಕನ್ನಡಕದವರಿಗೆ ನೋಟದ ಕಿಂಡಿಯನ್ನು ಹೊಂದಿಸಿಕೊಳ್ಳುವ ತಿರುಪೂ ಇಲ್ಲ. ಇವೆರಡರ ನಡುವೆ 1500ಡಿಯೇ ಮೇಲು. ನಿಕಾನಿನ ಡಿ3500 ಒಂದು ಸಲ ವಿದ್ಯುತ್ತು ತುಂಬಿದರೆ 1550 ಚಿತ್ರಗಳವರೆಗೆ ಬಾಳುವುದೆಂದು ಅಳೆಯಲಾಗಿದೆ; 1500ಡಿಗೆ ಆ ಲೆಕ್ಕ 500. ವಿದ್ಯುತ್ತು ಆಗಾಗ ಹೋಗುವ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಚಲಚ್ಚಿತ್ರವನ್ನೂ ತೆಗೆಯುವವರು ಹೊರಗಿನ ಮೈಕು ಸಿಕ್ಕಿಸುವ ತೂತು ಈ ಮೂರರಲ್ಲಿಯೂ ಇಲ್ಲವೆಂಬುದನ್ನು ತಿಳಿದಿರಬೇಕು. ಕ್ಯಾನನಿನ 700ಡಿ, 200ಡಿ ಎರಡನೆಯ ಆವೃತ್ತಿ, ನಿಕಾನಿನ ಡಿ5300, ಡಿ5600 ಇವುಗಳಲ್ಲಿ ಅದು ಉಂಟು.

ಮದುವೆಯ ಕಸುಬಿಗೆ ಹೊರಡುವವರು ನೆನಪಿಡಬೇಕಾದ ಇನ್ನೊಂದು ಗುಟ್ಟಿದೆ. 1500ಡಿ, 3000ಡಿ, 200ಡಿ ಎರಡನೆಯ ಆವೃತ್ತಿಗಳಲ್ಲಿ ಫ್ಲಾಷು ಕೂರುವ ಜಾಗದ ನಡುವೆ ಇರಬೇಕಾದ ಸಂಪರ್ಕದ ಬಿಂದುವನ್ನು ಕಂಪೆನಿಯವರು ತೆಗೆದುಬಿಟ್ಟಿದ್ದಾರೆ. ಹಾಗಾಗಿ ಆ ಬಿಂದುವನ್ನೇ ನಂಬಿದ ಅಗ್ಗದ ಸಾದಾ ಫ್ಲಾಷುಗಳು ಅವುಗಳ ಮೇಲೆ ಹತ್ತುವುದಿಲ್ಲ. ಕ್ಯಾನನಿನ ಸಂಕೇತವನ್ನು ಅರಿಯುವ ಫ್ಲಾಷೇ ಬೇಕು. ಹಳೆಯ 700ಡಿಯಲ್ಲಿ ಈ ತೊಡಕಿಲ್ಲ.

ಹಳೆಯ ಲೆನ್ಸುಗಳ ವಿಷಯ. ಕ್ಯಾನನಿನ ಇಎಫ್ ಲೆನ್ಸುಗಳಲ್ಲಿ 1987ರಿಂದಲೂ ಗುರಿಗೂಡಿಸುವ ಯಂತ್ರವು ಲೆನ್ಸಿನೊಳಗೇ ಇದೆ; ಸ್ವಯಂ ಗುರಿಗೂಡಿಸುವ ಹಳೆಯ ಇಎಫ್ ಲೆನ್ಸು ಹೊಸ ಒಡಲಿನಲ್ಲಿಯೂ ಹಾಗೆಯೇ ನಡೆಯುವುದು. ನಿಕಾನಿನ ಬಳೆಯ ಆಕಾರವು 1959ರದು. ಆದರೆ ಡಿ3500, ಡಿ5600 ಮೊದಲಾದ ಕಿರಿಯ ಒಡಲುಗಳಲ್ಲಿ ಯಂತ್ರವಿಲ್ಲ, 50 ಮಿ.ಮೀ. ಎಫ್ 1.8ಡಿಯಂಥ ಹಳೆಯ ಲೆನ್ಸುಗಳು ಅಲ್ಲಿ ಕೂರುವುವು, ತಾವಾಗಿ ಗುರಿಗೂಡಿಸವು. ಎಎಫ್-ಎಸ್ ಎಂದು ಬರೆದಿರುವುದನ್ನು ನೋಡಿ ಕೊಳ್ಳತಕ್ಕದ್ದು. ಇದಕ್ಕೆ ಎದುರಾಗಿ, ಎಎಫ್-ಪಿ ಎಂಬ ಹೊಸ ಲೆನ್ಸುಗಳು ಡಿ3200, ಡಿ7000 ಮೊದಲಾದ ಹಳೆಯ ಒಡಲುಗಳಲ್ಲಿ ಕೆಲಸ ಮಾಡಲಾರವು. ಈ ಒಂದು ಸಾಲನ್ನು ಅರಿಯದೆ ಹಣ ಕಳೆದುಕೊಂಡವರುಂಟು.

ಎರಡನೆಯ ಕೈಯದನ್ನು ಪರೀಕ್ಷಿಸುವ ಬಗೆ

ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವಂತೆ ಇಲ್ಲಿಯೂ ನೋಡತಕ್ಕ ಗುರುತುಗಳಿವೆ. ಮೊದಲು, ಷಟ್ಟರು ಎಷ್ಟು ಸಲ ನಡೆದಿದೆ ಎಂದು ಕೇಳಬೇಕು. ಡಿ3300, ಡಿ3500ರಂಥವುಗಳ ಷಟ್ಟರನ್ನು ಕಂಪೆನಿಯು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿದೆ. ಮದುವೆಗಳಲ್ಲಿ ದುಡಿದ ಕ್ಯಾಮರಾ ಆ ಗಡಿಯ ಹತ್ತಿರವಿರುವುದು ಸಾಮಾನ್ಯ. ಎರಡನೆಯದಾಗಿ, ಕಂಡಿಯನ್ನು ಎಫ್ 16ಕ್ಕೆ ಕಿರಿದುಮಾಡಿ ಬರಿಯ ಬಿಳಿಯ ಗೋಡೆಯ ಚಿತ್ರ ತೆಗೆದು ನೋಡಿದರೆ ಫಲಕದ ಮೇಲಿನ ಧೂಳು ಚುಕ್ಕೆಗಳಾಗಿ ಕಾಣುವುದು. ಚುಕ್ಕೆಗಳನ್ನು ಒರಸಬಹುದು, ಗೀರುಗಳನ್ನು ಒರಸಲಾಗದು. ಮೂರನೆಯದಾಗಿ, ಲೆನ್ಸನ್ನು ದೀಪಕ್ಕೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಬೇಕು. ಅದು ಬೂಷ್ಟು, ಅಂಥ ಲೆನ್ಸನ್ನು ಬಿಟ್ಟಿಗೆ ಕೊಟ್ಟರೂ ಬೇಡ. ಕೊನೆಯದಾಗಿ, ಕೊಂಡವನ ಹೆಸರಿನ ಮೂಲ ರಸೀತಿ ಇರಬೇಕು. ಕಳವಿನ ಮಾಲು ಮನೆಗೆ ಬಂದರೆ ಮಾನವೂ ಹೋದೀತು.

ಹಣವನ್ನು ಹಂಚುವ ಲೆಕ್ಕ

ಕೈಲಿರುವ ಹಣವನ್ನು ಹತ್ತು ಪಾಲು ಮಾಡಿರಿ. ಒಡಲಿಗೂ ಅದರ 18-55ಕ್ಕೂ ಸೇರಿ ಐದು ಪಾಲು. ನಿಮ್ಮ ಬೇಕಿಗೆ ತಕ್ಕ ಎರಡನೆಯ ಲೆನ್ಸಿಗೆ ಮೂರು. ಇನ್ನೊಂದು ಬ್ಯಾಟರಿ, ಎರಡು ಸ್ಮರಣಪಟ್ಟಿ, ಚೀಲಗಳಿಗೆ ಒಂದು. ಹತ್ತನೆಯ ಪಾಲನ್ನು ರಿಪೇರಿಗಾಗಿ ಮುಟ್ಟದೆ ಇಡಿರಿ. ಈ ಲೆಕ್ಕಕ್ಕೆ ಹೊಸ ಒಡಲು ಹೊಂದದಿದ್ದರೆ ಹಳೆಯ ಒಡಲನ್ನು ಹುಡುಕಬೇಕೇ ಹೊರತು ಲೆನ್ಸಿನ ಪಾಲನ್ನು ಕತ್ತರಿಸಬಾರದು. ಕಸುಬಿನವರು ಫ್ಲಾಷನ್ನು ಎರಡನೆಯ ಲೆನ್ಸಿನ ಪಾಲಿನೊಳಗೇ ಸೇರಿಸಿಕೊಳ್ಳಬಹುದು, 50 ಮಿ.ಮೀ. ಅಷ್ಟು ಅಗ್ಗ. ವರ್ಷಕ್ಕೆ ಒಂದೆರಡು ದಿನ ಮಾತ್ರ ಬೇಕಾಗುವ ದುಬಾರಿ ಲೆನ್ಸು ದೊಡ್ಡ ಊರುಗಳಲ್ಲಿ ಬಾಡಿಗೆಗೆ ದೊರೆಯುವುದುಂಟು.

ಸಾಲದ ವಿಚಾರದಲ್ಲಿ ನಮ್ಮ ಅಭಿಪ್ರಾಯ ಖಚಿತವಾಗಿದೆ. ಗಿರಾಕಿ ಇನ್ನೂ ಬಾಗಿಲಿಗೆ ಬಾರದಿರುವಾಗ ಕಂತು ಮಾತ್ರ ತಿಂಗಳು ತಿಂಗಳಿಗೆ ಬರುವುದು. ಮದುವೆಗಳಿಗಾದರೋ ಋತುವುಂಟು, ಆಷಾಢದಲ್ಲಿ ಕಂತನ್ನು ಯಾವ ಮುಹೂರ್ತದಿಂದ ತೀರಿಸುವುದು? ಸಂಡೂರಿನ ಎಂ.ವೈ. ಘೋರ್ಪಡೆಯವರೂ ಬೆಂಗಳೂರಿನ ಟಿ.ಎನ್.ಎ. ಪೆರುಮಾಳರೂ ಫಿಲ್ಮಿನ ಕಾಲದಲ್ಲಿಯೇ ವನ್ಯಜೀವಿಗಳ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಒಂದು ಸುರುಳಿಗೆ ಮೂವತ್ತಾರು ಚಿತ್ರ, ತೊಳೆದು ನೋಡುವವರೆಗೆ ಫಲ ತಿಳಿಯದು. ಇಂದಿನ ಅತಿ ಸಾಮಾನ್ಯವಾದ ಕ್ಯಾಮರಾದಲ್ಲಿ ಅಂದಿನವರಿಗಿಲ್ಲದ ಅನುಕೂಲಗಳು ಎಷ್ಟೋ ಇವೆ.

ಕಾಪಾಡುವ ಬಗೆ

ನದಿಯ ದಡದ ಊರುಗಳಲ್ಲಿಯೂ ತೋಟದ ಮನೆಗಳಲ್ಲಿಯೂ ಮಳೆಗಾಲದ ತೇವವೇ ಲೆನ್ಸಿನ ಶತ್ರು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದರೆ ಬೂಷ್ಟು ಬೆಳೆಯುವುದು. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ವಾರಕ್ಕೊಮ್ಮೆಯಾದರೂ ಹೊರತೆಗೆದು ಉಪಯೋಗಿಸಬೇಕು. ಜಗಳೂರಿನಂಥ ಕಡೆ ಗಾಳಿಯಲ್ಲಿ ನಿಂತು ಲೆನ್ಸು ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಒಡಲಿನ ಬಾಯಿಯನ್ನು ನೆಲದ ಕಡೆಗೆ ಹಿಡಿಯತಕ್ಕದ್ದು. ಲೆನ್ಸನ್ನು ಪಂಚೆಯ ಸೆರಗಿನಿಂದ ಒರಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು.

ಹೊನ್ನಾಳಿಯ ನಮ್ಮ ಸ್ನೇಹಿತರು ಸಾಲ ಮಾಡಲಿಲ್ಲ. ಸುಸ್ಥಿತಿಯಲ್ಲಿದ್ದ ಹಳೆಯ 700ಡಿಯೊಂದನ್ನು 18-55 ಸಹಿತ ಕೊಂಡು, ಹೊಸ 50 ಮಿ.ಮೀ. ಲೆನ್ಸನ್ನೂ ಒಂದು ಸಾದಾ ಫ್ಲಾಷನ್ನೂ ಅದಕ್ಕೆ ಕೂಡಿಸಿದರು. ತೆಗೆದಿರಿಸಿದ್ದ ಹಣದಲ್ಲಿ ಸ್ವಲ್ಪ ಉಳಿಯಿತು. ಹುಡುಗನು ಈಗ ಪಳಗಿದ ಛಾಯಾಗ್ರಾಹಕರೊಬ್ಬರ ಜೊತೆ ಸಹಾಯಕನಾಗಿ ಮದುವೆಗಳಿಗೆ ಹೋಗುತ್ತಿದ್ದಾನೆ. ಕಸುಬಿನಲ್ಲಿ ನಿಲ್ಲುವನೋ ಇಲ್ಲವೋ ಕಾಲವೇ ಹೇಳಬೇಕು.

ಕ್ಯಾಮರಾ ಮನೆಗೆ ಬಂದ ಸಂಜೆ ಅವನು ತೆಗೆದ ಮೊದಲ ಚಿತ್ರವನ್ನು ಸ್ನೇಹಿತರು ನಮಗೆ ತೋರಿಸಿದರು. ತುಳಸಿಯ ಕಟ್ಟೆಗೆ ದೀಪವಿಟ್ಟು ಎದ್ದುನಿಲ್ಲುತ್ತಿರುವ ಅಜ್ಜಿಯ ಚಿತ್ರ, ಬೇರೆ ಬೆಳಕಿಲ್ಲ. ಅಜ್ಜಿಯ ಹಣೆಯ ಗೆರೆಗಳೊಂದೊಂದೂ ಸ್ಪಷ್ಟವಾಗಿವೆ. ಅದನ್ನು ಮುದ್ರಿಸಿ ಚೌಕಟ್ಟು ಹಾಕಿಸಿರೆಂದು ನಾವು ಹೇಳಿದೆವು. ವಾಚಕರಿಗೂ ನಮ್ಮ ಕೊನೆಯ ಮಾತು ಅದೇ: ಯಾವ ಕ್ಯಾಮರಾವನ್ನಾದರೂ ಕೊಳ್ಳಿರಿ, ಮನೆಯ ಹಿರಿಯರ ಒಂದು ಒಳ್ಳೆಯ ಚಿತ್ರವನ್ನು ಈ ವರ್ಷವೇ ತೆಗೆದು, ಕಾಗದದ ಮೇಲೆ ಮುದ್ರಿಸಿ ಇಡಿರಿ.